ಮೇಜಿನ ಮೇಲೆ ಚಿತ್ರ ಇಟ್ಟ ಮೇಲೆ

(ಛಾಯಾಗ್ರಹಣ ಕಲಿಯುತ್ತಿರುವವರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಹೊತ್ತು ಸಾಲದೆ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.)

ನಮಸ್ಕಾರ.

ಒಂದು ಮೇಜನ್ನು ಕಣ್ಣಮುಂದೆ ತಂದುಕೊಳ್ಳಿ. ಈಚೆ ಬದಿ ಛಾಯಾಗ್ರಾಹಕ, ಆಚೆ ಬದಿ ಚಿತ್ರ ನೋಡಲು ಕೂತವರು, ನಡುವೆ ಪ್ರಿಂಟ್‌ಗಳ ಕಟ್ಟು. ಈ ಮೇಜಿನ ಎರಡೂ ಬದಿಯಲ್ಲಿ ನಾನು ಕೂತಿದ್ದೇನೆ. ಮೊದಲ ಹತ್ತು ವರ್ಷ ಈಚೆ, ಆಮೇಲೆ ಹೆಚ್ಚಾಗಿ ಆಚೆ. ಈಚೆ ಕೂತಿದ್ದಷ್ಟು ಕಾಲ ತಿಳಿಯದ ಒಂದು ಸಂಗತಿ ಆಚೆ ಕೂತ ಮೊದಲ ದಿನವೇ ತಿಳಿಯಿತು.

ಆ ದಿನ ಪೋರ್ಟ್‌ಫೋಲಿಯೋ, ಅಂದರೆ ತನ್ನ ಆಯ್ದ ಚಿತ್ರಗಳ ಕಟ್ಟು, ತಂದಿದ್ದ ಹುಡುಗಿ ಒಳ್ಳೆಯ ಕೆಲಸ ಮಾಡಿದ್ದಳು. ಮೊದಲ ಪ್ರಿಂಟ್ ಇಟ್ಟಳು, ಇಟ್ಟ ಕೂಡಲೇ ಅದರ ಕತೆ ಹೇಳತೊಡಗಿದಳು. ನಾನು ಚಿತ್ರದಿಂದ ತಲೆ ಎತ್ತಿ ಅವಳ ಮುಖ ನೋಡಿದೆ. ಮಾತಾಡುವವರ ಮುಖ ನೋಡಬೇಕೆನ್ನುವುದು ನಮಗೆಲ್ಲ ಚಿಕ್ಕಂದಿನಿಂದ ಬಂದ ಮರ್ಯಾದೆ ತಾನೇ? ಮಾತು ಮುಗಿಯುವ ಹೊತ್ತಿಗೆ ಅವಳ ಕೈ ಎರಡನೇ ಪ್ರಿಂಟ್ ಎತ್ತಿಡುತ್ತಿತ್ತು. ಹೀಗೆ ಹದಿನೆಂಟು ಚಿತ್ರ ಕಳೆದವು. ಕೊನೆಗೆ ನನ್ನ ನೆನಪಲ್ಲಿ ಉಳಿದದ್ದು ಅವಳ ಮುಖದ ಆತಂಕ, ಮತ್ತು ಮೂರೋ ನಾಲ್ಕೋ ಚಿತ್ರ. ಕಟ್ಟನ್ನು ಕೇಳಿ ಪಡೆದು, ಅವಳು ನೀರು ಕುಡಿಯಲು ಹೊರಗೆ ಹೋದಾಗ ಒಬ್ಬನೇ ಇನ್ನೊಮ್ಮೆ ನೋಡಿದೆ. ಅವಳ ಕೆಲಸ ನನಗೆ ಕಂಡದ್ದು ಆಗ.

ಕೂತಲ್ಲೇ ನನ್ನ ಹತ್ತು ವರ್ಷ ನೆನಪಾಯಿತು. ಎಷ್ಟು ಮೇಜುಗಳ ಮುಂದೆ ಎಷ್ಟು ಮಾತಾಡಿದ್ದೆ! ಆ ಸಂಪಾದಕರು, ಆ ಗ್ಯಾಲರಿಯವರು, ಆ ಹಿರಿಯ ಛಾಯಾಗ್ರಾಹಕರು, ಎಲ್ಲರೂ ಎಷ್ಟು ಸೌಜನ್ಯದಿಂದ ನನ್ನ ಮುಖ ನೋಡುತ್ತ ಕೂತಿದ್ದರು. ಚಿತ್ರ ನೋಡಲು ನಾನು ಅವರಿಗೆ ಬಿಡುವೇ ಕೊಟ್ಟಿರಲಿಲ್ಲ.

"ಚಿತ್ರವೇ ಮಾತಾಡಲಿ" ಎನ್ನುವ ಮಾತನ್ನು ನೀವೆಲ್ಲ ಕೇಳಿದ್ದೀರಿ. ಅದನ್ನು ನಾನು ಮನಸಾರೆ ನಂಬುತ್ತೇನೆ. ಆದರೆ ಕೇಳಿದವರು ಹೆಚ್ಚಾಗಿ ಅದನ್ನು "ನೀನು ಬಾಯಿ ಮುಚ್ಚಿಕೊ" ಎಂದಷ್ಟೇ ಅರ್ಥ ಮಾಡಿಕೊಳ್ಳುತ್ತಾರೆ. ನಾವು ಸುಮ್ಮನಾದ ಮಾತ್ರಕ್ಕೆ ಚಿತ್ರಕ್ಕೆ ಬಾಯಿ ಬಂದುಬಿಡುವುದಿಲ್ಲ. ಯಾವುದನ್ನು ಇಟ್ಟುಕೊಂಡೆವು, ಯಾವುದನ್ನು ತೆಗೆದೆವು, ಯಾವುದರ ಪಕ್ಕ ಯಾವುದು, ಎಷ್ಟು ದೊಡ್ಡದು, ಸುತ್ತ ಎಷ್ಟು ಬಿಳಿ ಜಾಗ, ಇದೆಲ್ಲ ನಾವು ಆಡುವ ಮಾತೇ. ಮೇಜಿಗೆ ಬರುವ ಮೊದಲೇ ಅದನ್ನು ಆಡಿ ಮುಗಿಸಿರಬೇಕು. ಅಲ್ಲಿ ಆಡದೆ ಉಳಿಸಿಕೊಂಡವರೇ ಮೇಜಿನ ಮುಂದೆ ತಡೆಯಲಾರದೆ ಮಾತಾಡುತ್ತಾರೆ ಎಂಬುದು ನನ್ನ ಅನುಭವ.

ಮೇಜಿನ ಮುಂದೆ ನಾವು ಹೇಳುವುದಾದರೂ ಏನನ್ನು? ಗಮನಿಸಿ ನೋಡಿ, ಮುಕ್ಕಾಲು ಪಾಲು ನಮ್ಮ ಕಷ್ಟದ ಕತೆ. ನಸುಕಿನಲ್ಲಿ ಎದ್ದದ್ದು, ಮೂರು ದಿನ ಕಾದದ್ದು, ಕಾವಲಿನವರನ್ನು ಒಪ್ಪಿಸಿ ಒಳಗೆ ಹೋದದ್ದು. ಆ ಕಷ್ಟ ನಿಜವಾದದ್ದೇ, ಅದನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ನೋಡುವವರಿಗೆ ಕಾಣುವುದು ಆಯತದೊಳಗೆ ಇರುವುದು ಮಾತ್ರ. ಕಷ್ಟ ಅದರೊಳಗೆ ಇಳಿದಿದ್ದರೆ ಹೇಳಬೇಕಾಗಿಲ್ಲ, ಇಳಿಯದಿದ್ದರೆ ಹೇಳಿ ತುಂಬಲಾಗುವುದಿಲ್ಲ. ಇನ್ನು ಕೆಲವರು ಲೆನ್ಸು, ಅಪರ್ಚರು, ಶಟರ್ ವೇಗ ಅಂತ ಕ್ಯಾಮೆರಾದ ವಿವರ ಹೇಳುತ್ತಾರೆ. ಯಾರಾದರೂ ಕೇಳಿದರೆ ಹೇಳಿ, ಸಾಕು. ನನಗೆ ನಿಜಕ್ಕೂ ಬೇಸರವಾಗುವುದು ಅರ್ಥ ಹೇಳುವವರನ್ನು ಕಂಡಾಗ. "ಇದು ಒಂಟಿತನದ ಸಂಕೇತ" ಅಂದ ಕೂಡಲೇ ನನಗೆ ಆ ಚಿತ್ರದಲ್ಲಿ ಬೇರೇನೂ ಕಾಣುವುದಿಲ್ಲ. ಬಾಗಿಲು ತೆರೆಯುವ ಮೊದಲೇ ಮನೆಯೊಳಗೆ ಏನೇನಿದೆ ಅಂತ ಪಟ್ಟಿ ಓದಿದ ಹಾಗೆ.

ಈಗ ಆಯ್ಕೆಯ ವಿಷಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಅತಿ ಹೆಚ್ಚು ನೋವು ಇಲ್ಲೇ.

ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಛಾಯಾಗ್ರಾಹಕ ರಾಬರ್ಟ್ ಫ್ರ್ಯಾಂಕ್ 1955ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಎಂಬ ಧನಸಹಾಯ ಪಡೆದು, ಹಳೆಯ ಕಾರಿನಲ್ಲಿ ಅಮೆರಿಕದ ಉದ್ದಗಲ ಸುತ್ತಿದರು. ಬಳಸಿದ ಫಿಲ್ಮ್ 767 ರೋಲ್. ಫ್ರೇಮುಗಳು, ಅಂದರೆ ಕ್ಲಿಕ್ಕಿಸಿದ ಚಿತ್ರಗಳು, 27,000ಕ್ಕೂ ಹೆಚ್ಚು. ಅದರಲ್ಲಿ ಸುಮಾರು ಒಂದು ಸಾವಿರವನ್ನು ಪ್ರಿಂಟ್ ಹಾಕಿಕೊಂಡು, ಗೋಡೆಗೆ ಚುಚ್ಚಿ, ನೆಲದ ಮೇಲೆ ಹರಡಿ, ತೆಗೆದು, ಮತ್ತೆ ಇಟ್ಟು, ಕೊನೆಗೆ 'ದಿ ಅಮೆರಿಕನ್ಸ್' ಪುಸ್ತಕಕ್ಕೆ ಉಳಿಸಿಕೊಂಡದ್ದು 83. ಮುನ್ನೂರಕ್ಕೂ ಹೆಚ್ಚು ಫ್ರೇಮಿಗೆ ಒಂದೇ ಒಂದು! ಈ ಲೆಕ್ಕ ಕೇಳಿದಾಗ ಕಲಿಯುವವರು "ಅಷ್ಟೊಂದು ತೆಗೆದರಾ" ಅಂತ ಬೆರಗಾಗುತ್ತಾರೆ. ಅಷ್ಟೊಂದನ್ನು ಬಿಟ್ಟರಲ್ಲ, ನನಗೆ ಬೆರಗು ಅದು. ಬಿಟ್ಟ ಆ ಸಾವಿರಾರರಲ್ಲಿ ಇನ್ನೊಬ್ಬರಾಗಿದ್ದರೆ ಎದೆಗೆ ಅವಚಿಕೊಳ್ಳುತ್ತಿದ್ದ ಚಿತ್ರಗಳು ಖಂಡಿತ ಇದ್ದವು.

ನನ್ನದೇ ಒಂದು ಕೆಲಸದ ವಿಷಯ ಹೇಳುತ್ತೇನೆ. ನಾಲ್ಕು ವರ್ಷ ರಾತ್ರಿ ಪಾಳಿಯ ಜನರನ್ನು ಚಿತ್ರಿಸಿದೆ. ಆಸ್ಪತ್ರೆಯ ನರ್ಸುಗಳು, ಮುದ್ರಣಾಲಯದ ಕೆಲಸಗಾರರು, ವಿದ್ಯುತ್ ಕಂಬ ಹತ್ತುವವರು, ಕಾವಲುಗಾರರು, ನಸುಕಿಗೆ ಮುಂಚೆ ಬೀದಿ ಗುಡಿಸುವವರು. ಹನ್ನೊಂದು ಸಾವಿರ ಫ್ರೇಮುಗಳು ಸೇರಿದವು. ಪೋರ್ಟ್‌ಫೋಲಿಯೋದಲ್ಲಿ ಇರಬೇಕಾದದ್ದು ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತನಾಲ್ಕು. ಅದಕ್ಕಿಂತ ಹೆಚ್ಚಾದರೆ ನೋಡುವವರ ಕಣ್ಣು ದಣಿಯುತ್ತದೆ, ಕೈ ಬೇಗ ಬೇಗ ಮಗುಚುತ್ತದೆ.

ಅದರಲ್ಲೊಂದು ಚಿತ್ರ, ಮಳೆಯಲ್ಲಿ ಕಂಬದ ಮೇಲಿರುವ ಲೈನ್‌ಮ್ಯಾನ್. ಅದಕ್ಕಾಗಿ ಮೂರು ರಾತ್ರಿ ನೆನೆದಿದ್ದೆ, ಆಮೇಲೆ ಒಂದು ವಾರ ಜ್ವರದಲ್ಲಿ ಮಲಗಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಆ ಮಾತು ಛಾಯಾಗ್ರಾಹಕರಿಗೆ ಹೊಂದುವಷ್ಟು ಇನ್ಯಾರಿಗೂ ಹೊಂದಲಾರದು. ಆ ಚಿತ್ರ ಸಾಧಾರಣವಾಗಿತ್ತು. ಒಬ್ಬ ಮನುಷ್ಯ, ಒಂದು ಕಂಬ, ಒಂದಿಷ್ಟು ಮಳೆ. ನಾನು ನೋಡುತ್ತಿದ್ದದ್ದು ಆ ಮೂರು ರಾತ್ರಿಯನ್ನು, ಪ್ರಿಂಟನ್ನಲ್ಲ. ಅದನ್ನು ಕಟ್ಟಿನಿಂದ ಹೊರಗಿಡಲು ನನಗೆ ಹದಿನಾಲ್ಕು ತಿಂಗಳು ಬೇಕಾಯಿತು.

ಹೊರಗಿಡಲು ನೆರವಾದದ್ದು ಗೋಡೆ. ಅಂಚೆ ಕಾರ್ಡಿನಷ್ಟು ದೊಡ್ಡ ಪ್ರಿಂಟ್‌ಗಳನ್ನು, ಸುಲಭವಾಗಿ ಬಿಡಿಸಬಹುದಾದ ಟೇಪಿನಲ್ಲಿ, ದಿನವೂ ಹಾದುಹೋಗುವ ಗೋಡೆಗೆ ಅಂಟಿಸುತ್ತೇನೆ. ಕೂತು ನೋಡುವುದಿಲ್ಲ. ಹಲ್ಲುಜ್ಜುವಾಗ, ಫೋನಿನಲ್ಲಿ ಮಾತಾಡುವಾಗ ಸುಮ್ಮನೆ ಕಣ್ಣಿಗೆ ಬೀಳಲಿ ಅಂತ ಬಿಡುತ್ತೇನೆ. ಮೂರು ವಾರ ಕಳೆಯುವ ಹೊತ್ತಿಗೆ ಕೆಲವು ಚಿತ್ರಗಳ ಮೇಲೆ ಕಣ್ಣು ನಿಲ್ಲುವುದೇ ನಿಂತುಹೋಗುತ್ತದೆ. ಕೆಲವು ದಿನವೂ ಹಿಡಿದು ನಿಲ್ಲಿಸುತ್ತವೆ. ಮೊದಲ ದಿನ ಕಣ್ಣು ಕುಕ್ಕಿದ್ದು ಬೇಗ ಸಪ್ಪೆಯಾಗುತ್ತದೆ. ತಡವಾಗಿ ಕಂಡದ್ದು ಬಹಳ ದಿನ ಬಾಳುತ್ತದೆ. ಇದು ಕಂಪ್ಯೂಟರಿನ ಪರದೆಯ ಮೇಲೆ ಆಗುವುದಿಲ್ಲ, ಅಲ್ಲಿ ನಾವು ಚಿತ್ರಗಳನ್ನು ಹುಡುಕಿಕೊಂಡು ಹೋಗುತ್ತೇವೆ, ಅವು ನಮ್ಮ ದಾರಿಗೆ ಬರುವುದಿಲ್ಲ. ತಲೆಕೆಳಗು ಮಾಡಿ ಅಂಟಿಸುವುದೂ ಉಂಟು. ಆಗ ಯಾರು, ಯಾವಾಗ, ಎಷ್ಟು ಕಷ್ಟ ಎಂಬುದೆಲ್ಲ ಹಿಂದೆ ಸರಿದು ಬೆಳಕು, ಕತ್ತಲೆ, ತೂಕ ಮಾತ್ರ ಕಾಣುತ್ತವೆ.

ಒಂದೇ ಮಾತನ್ನು ಎರಡು ಸಲ ಹೇಳುವ ಚಿತ್ರಗಳಿದ್ದರೆ ಒಂದನ್ನು ಬಿಡಿ. ಎರಡೂ ಚೆನ್ನಾಗಿದ್ದರೂ ಬಿಡಿ. ಎರಡನೆಯದನ್ನು ಕಂಡಾಗ ನೋಡುವವರಿಗೆ ಮೊದಲನೆಯದರ ಮೇಲೆಯೂ ನಂಬಿಕೆ ಸಡಿಲುತ್ತದೆ.

ಆಯ್ಕೆಯಾದ ಮೇಲೆ ಜೋಡಣೆ. ನನಗೆ ಅತಿ ಪ್ರಿಯವಾದ ಕೆಲಸ ಇದು, ರಾತ್ರಿಯಿಡೀ ಬೇಕಾದರೂ ಮಾತಾಡಿಯೇನು.

ರಾತ್ರಿ ಪಾಳಿಯ ಚಿತ್ರಗಳಲ್ಲಿ ಎರಡು ಕೈಗಳಿದ್ದವು. ಒಂದು, ಶಾಯಿ ಮೆತ್ತಿದ ಮುದ್ರಣಾಲಯದ ಕೆಲಸಗಾರನ ಕೈ. ಇನ್ನೊಂದು, ಸೋಪಿನ ನೊರೆಯಲ್ಲಿ ಮುಳುಗಿದ ನರ್ಸಿನ ಕೈ. ಒಂದು ಕಪ್ಪು, ಒಂದು ಬಿಳಿ. ಕಂಡ ತಕ್ಷಣ ಅಕ್ಕಪಕ್ಕ ಇಟ್ಟೆ, ಹಿಗ್ಗಿದೆ. ಎರಡು ದಿನ ಕಳೆದ ಮೇಲೆ ಆ ಜೋಡಿಯಲ್ಲಿ ನನ್ನ ಜಾಣತನ ಮಾತ್ರ ಕಾಣತೊಡಗಿತು. ಆ ಕೆಲಸಗಾರ ಅಲ್ಲಿರಲಿಲ್ಲ, ಆ ನರ್ಸೂ ಇರಲಿಲ್ಲ. "ನೋಡಿ, ಹೇಗೆ ಪ್ರಾಸ ಕೂಡಿಸಿದ್ದೇನೆ" ಅಂತ ನಾನು ನಡುವೆ ನಿಂತಿದ್ದೆ. ಎರಡನ್ನೂ ದೂರ ಮಾಡಿದೆ. ಶಾಯಿಯ ಕೈ ನಾಲ್ಕನೆಯದಾಯಿತು, ನೊರೆಯ ಕೈ ಹನ್ನೊಂದನೆಯದು. ಈಗ ಹನ್ನೊಂದನೇ ಚಿತ್ರಕ್ಕೆ ಬಂದವರು ಒಂದು ಕ್ಷಣ ತಡೆಯುತ್ತಾರೆ. ಕೆಲವರ ಬೆರಳು ತಾನಾಗಿ ಹಿಂದಕ್ಕೆ ಹೋಗಿ ನಾಲ್ಕನೆಯದನ್ನು ಹುಡುಕುತ್ತದೆ. ಅದನ್ನು ನೋಡುವುದು ನನಗೆ ದೊಡ್ಡ ಸಂತೋಷ. ಆ ನಂಟನ್ನು ಕಂಡುಕೊಂಡವರು ಅವರು, ಆದ್ದರಿಂದ ಅದು ಅವರದ್ದಾಗುತ್ತದೆ.

ಎರಡು ಚಿತ್ರಗಳ ನಡುವೆ ಏನಾದರೊಂದು ಹಾಯಬೇಕು. ಒಂದು ಬಾಗಿದ ಬೆನ್ನು, ಮುಂದಿನದರಲ್ಲಿ ಅದೇ ಬಾಗಿನ, ಮೆಟ್ಟಿಲ ಬದಿಯ ಹಿಡಿಕಂಬಿ. ಒಬ್ಬರು ಎಡಕ್ಕೆ ನೋಡಿದರೆ ಮುಂದಿನ ಚಿತ್ರದ ದೀಪ ಅದೇ ದಿಕ್ಕಿನಲ್ಲಿ. ಇದು ಪ್ರತಿ ಸಲ ಬೇಡ. ಪ್ರತಿ ಸಲ ಆದರೆ ಯಂತ್ರ ತಿರುಗಿದ ಹಾಗಾಗುತ್ತದೆ. ಮೂರು ಗಟ್ಟಿ ಚಿತ್ರಗಳಾದ ಮೇಲೆ ಒಂದು ಮೆಲುದನಿಯದು ಬರಲಿ. ಖಾಲಿ ಕಾರಿಡಾರೋ, ಆರಿಸಿಟ್ಟ ಟಾರ್ಚೋ. ಬಿಡಿಯಾಗಿ ನೋಡಿದರೆ ಅದು ಪೋರ್ಟ್‌ಫೋಲಿಯೋಗೆ ಸಲ್ಲದ ಚಿತ್ರ ಅನ್ನಿಸಬಹುದು. ಸಂಗೀತದಲ್ಲಿ ಗಾಯಕ ಉಸಿರು ತೆಗೆದುಕೊಳ್ಳುವ ಜಾಗವಿದೆಯಲ್ಲ, ಅಂಥದ್ದು ಅದು. ಎಲ್ಲವೂ ತಾರಸ್ಥಾಯಿಯಲ್ಲೇ ಇರುವ ಪೋರ್ಟ್‌ಫೋಲಿಯೋಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪ್ರತಿಯೊಂದೂ ಅದ್ಭುತ, ಒಟ್ಟಾಗಿ ನೋಡಿದರೆ ತಲೆನೋವು.

ಮತ್ತೆ ಫ್ರ್ಯಾಂಕ್ ಅವರ ಪುಸ್ತಕಕ್ಕೆ ಬಂದರೆ, ಮೊದಲ ಚಿತ್ರದಲ್ಲಿ ಕಿಟಕಿಯಲ್ಲಿ ನಿಂತು ಮೆರವಣಿಗೆ ನೋಡುವವರ ನಡುವೆ ಒಂದು ಧ್ವಜವಿದೆ, ಅದು ಒಬ್ಬರ ಮುಖವನ್ನೇ ಮುಚ್ಚಿದೆ. ಧ್ವಜ ಪುಸ್ತಕದುದ್ದಕ್ಕೂ ಆಗಾಗ ಮರಳಿ ಬರುತ್ತದೆ. ಕೊನೆಯ ಚಿತ್ರ ಟೆಕ್ಸಸ್‌ನ ಹೆದ್ದಾರಿ ಬದಿಯಲ್ಲಿ ನಿಂತ ಅವರದೇ ಕಾರು, ಒಳಗೆ ಅವರ ಹೆಂಡತಿ, ಮಕ್ಕಳು. ಇಡೀ ದೇಶ ತೋರಿಸಿ ಕೊನೆಗೆ "ಇದನ್ನೆಲ್ಲ ನೋಡಿದವನು ಇಲ್ಲಿದ್ದೇನೆ, ದಣಿದಿದ್ದೇವೆ" ಅಂದ ಹಾಗೆ. ಒಂದು ಅಕ್ಷರ ಬರೆಯದೆ ಅಂದ ಮಾತು ಅದು. ಆ ಚಿತ್ರ ನಡುವೆಲ್ಲೋ ಇದ್ದಿದ್ದರೆ ಬರೀ ಒಂದು ಕಾರಿನ ಚಿತ್ರವಾಗುತ್ತಿತ್ತು.

ಅದೇ ಪುಸ್ತಕದಿಂದ ಇನ್ನೊಂದು ಪಾಠ. ಅದು ಮೊದಲು ಹೊರಬಂದದ್ದು 1958ರಲ್ಲಿ, ಪ್ಯಾರಿಸ್‌ನಲ್ಲಿ. ಆ ಆವೃತ್ತಿಯಲ್ಲಿ ಚಿತ್ರಗಳ ಎದುರು ಪುಟದಲ್ಲಿ ಅಮೆರಿಕದ ಬಗ್ಗೆ ಹಲವು ಲೇಖಕರು ಬರೆದ ಸಾಲುಗಳಿದ್ದವು. ಮರುವರ್ಷ ಅಮೆರಿಕದಲ್ಲಿ ಬಂದ ಆವೃತ್ತಿಯಲ್ಲಿ ಅವನ್ನೆಲ್ಲ ತೆಗೆದು ಒಂದು ಮುನ್ನುಡಿ ಇಟ್ಟರು. ಚಿತ್ರಗಳಿಗೆ ವಿಷಯ ಮತ್ತು ಊರಿನ ಹೆಸರು ಮಾತ್ರ. ಅದೇ ಚಿತ್ರಗಳು. ಮೊದಲನೆಯದರಲ್ಲಿ ಅವು ಯಾರದೋ ವಾದಕ್ಕೆ ಸಾಕ್ಷಿ ಹೇಳಲು ಬಂದವು. ಎರಡನೆಯದರಲ್ಲಿ ತಾವೇ ಎದುರು ಬಂದು ನಿಂತವು. ಇದಕ್ಕೂ ಇಪ್ಪತ್ತು ವರ್ಷ ಮೊದಲೇ, 1938ರಲ್ಲಿ, ಅಮೆರಿಕದ ಛಾಯಾಗ್ರಾಹಕ ವಾಕರ್ ಎವನ್ಸ್ ತಮ್ಮ 87 ಚಿತ್ರಗಳ ಪುಸ್ತಕದಲ್ಲಿ ಬಲಪುಟಕ್ಕೆ ಒಂದೊಂದೇ ಚಿತ್ರ ಇಟ್ಟು, ಎಡಪುಟವನ್ನು ಖಾಲಿ ಬಿಟ್ಟು, ಅಡಿಬರಹಗಳನ್ನೆಲ್ಲ ಆಯಾ ಭಾಗದ ಕೊನೆಗೆ ಒಯ್ದಿದ್ದರು. ಓದುವ ಮುಂಚೆ ನೋಡಲೇಬೇಕು. ಎಷ್ಟು ಸರಳ ಏರ್ಪಾಡು! ನಿಮ್ಮ ಪೋರ್ಟ್‌ಫೋಲಿಯೋಗೆ ನಾಳೆಯೇ ಇದನ್ನು ಮಾಡಬಹುದು. ಚಿತ್ರದ ಕೆಳಗೆ ಏನೂ ಬೇಡ, ಕೊನೆಯ ಹಾಳೆಯಲ್ಲಿ ಅಂಕಿ ಹಾಕಿ ವಿವರ ಕೊಡಿ.

ಪ್ರಿಂಟ್, ಅಳತೆ, ಬೆಳಕಿನ ಬಗ್ಗೆ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಇವು ಒಮ್ಮೆ ಕಲಿತರೆ ಮುಗಿಯುವ ವಿಷಯ. ಇಡೀ ಕಟ್ಟು ಒಂದೇ ಕಾಗದದಲ್ಲಿರಲಿ. ಹೊಳೆಯುವ ಕಾಗದ, ಮ್ಯಾಟ್ ಕಾಗದ ಬೆರೆಸಿದರೆ ಕಣ್ಣು ಚಿತ್ರ ಬಿಟ್ಟು ಕಾಗದ ನೋಡುತ್ತದೆ. ಸುತ್ತ ಧಾರಾಳವಾಗಿ ಬಿಳಿ ಅಂಚು ಬಿಡಿ, ಹಿಡಿದವರ ಹೆಬ್ಬೆರಳು ಚಿತ್ರದ ಮೇಲೆ ಬೀಳಬಾರದು. ಬಣ್ಣ ತಾಳೆ ನೋಡುವಾಗ ಹಗಲ ಬೆಳಕಿಗೆ ಹತ್ತಿರವಾದ 5000 ಕೆಲ್ವಿನ್ ಬೆಳಕಿನಲ್ಲಿ ನೋಡಿ, ಹಳದಿ ಬಲ್ಬಿನ ಕೆಳಗೆ ಬೇಡ. ಗೋಡೆಗೆ ತೂಗುಹಾಕುವುದಾದರೆ ಚಿತ್ರದ ನಟ್ಟನಡು ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರಕ್ಕೆ ಬರಲಿ. ಪ್ರೊಜೆಕ್ಟರಿನಲ್ಲಿ ತೋರಿಸಬೇಕಾಗಿ ಬಂದರೆ ಮೊದಲೇ ಹೋಗಿ ಆ ಕೋಣೆಯಲ್ಲೇ ಹಾಕಿ ನೋಡಿ, ನೆರಳಿನೊಳಗಿನ ವಿವರವೆಲ್ಲ ಅಲ್ಲಿ ನುಂಗಿಹೋಗುತ್ತದೆ. ರಾತ್ರಿಯ ಚಿತ್ರ ತೆಗೆಯುವ ನನ್ನಂಥವರು ಇದರಿಂದ ತುಂಬ ನೊಂದಿದ್ದೇವೆ. ಇನ್ನು ಫೋನಿನಲ್ಲಿ ನೋಡುವವರೂ ಇದ್ದಾರೆ ಎಂಬುದನ್ನು ಒಪ್ಪಿಕೊಳ್ಳಿ. ಅವರಿಗಾಗಿ ಬೇರೆಯೇ ಕಟ್ಟು ಮಾಡಿ, ಸಣ್ಣದರಲ್ಲೂ ನಿಲ್ಲುವ ಚಿತ್ರಗಳನ್ನು ಆರಿಸಿ.

ಈಗ ಇಷ್ಟು ಹೊತ್ತು ಹೇಳಿದ್ದಕ್ಕೆ ನಾನೇ ಒಂದು ಎಲ್ಲೆ ಹಾಕಬೇಕು. "ಚಿತ್ರವೇ ಮಾತಾಡಲಿ" ಎಂಬುದು ಕೆಲವೊಮ್ಮೆ ನಮ್ಮ ಹೊಣೆ ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ.

ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಹತ್ತಿರ, ಬಟಾಣಿ ಕೀಳಲು ಬಂದ ಕೂಲಿಕಾರರ ಬಿಡಾರದಲ್ಲಿ ಒಬ್ಬ ತಾಯಿಯ ಚಿತ್ರ ತೆಗೆದರು. ಎರಡು ಮಕ್ಕಳು ಆಕೆಯ ಹೆಗಲಿಗೆ ಮುಖ ಅಡಗಿಸಿಕೊಂಡಿದ್ದಾರೆ, ಮಡಿಲಲ್ಲಿ ಕೂಸು, ಆಕೆಯ ಬೆರಳು ಕೆನ್ನೆಯ ಹತ್ತಿರ. ನೀವೆಲ್ಲ ನೋಡಿದ್ದೀರಿ. ತಾನಾಗಿ ಮಾತಾಡುವ ಚಿತ್ರ ಎಂದರೆ ಜಗತ್ತು ಮೊದಲು ನೆನೆಯುವುದೇ ಅದನ್ನು. ಲ್ಯಾಂಗ್ ಸಾಮಾನ್ಯವಾಗಿ ಜನರ ಮಾತುಗಳನ್ನು ಕೂಡ ಶ್ರದ್ಧೆಯಿಂದ ಬರೆದಿಟ್ಟುಕೊಳ್ಳುತ್ತಿದ್ದವರು. ಆದರೆ ಆ ದಿನ ಆ ತಾಯಿಯ ಹೆಸರು ಕೇಳಲಿಲ್ಲ, ಹಾಗೆಂದು ಅವರೇ ಮುಂದೆ ಬರೆದಿದ್ದಾರೆ. ಆಕೆಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು, ಆಕೆ ಅಮೆರಿಕದ ಮೂಲನಿವಾಸಿಗಳಾದ ಚೆರೊಕೀ ಮೂಲದವರೆಂದು ಜಗತ್ತಿಗೆ ಗೊತ್ತಾದದ್ದು 1978ರಲ್ಲಿ. ನಲವತ್ತೆರಡು ವರ್ಷ! ಅಷ್ಟೂ ಕಾಲ ಆಕೆಯ ಮುಖ ಅಂಚೆಚೀಟಿಗೆ ಸಲ್ಲುವಷ್ಟು ಹೆಸರಾಯಿತು, ಆಕೆಗೆ ಹೆಸರಿರಲಿಲ್ಲ. ಆ ಚಿತ್ರ ತೆಗೆಯದಿದ್ದರೇ ಚೆನ್ನಾಗಿತ್ತು ಎಂದು ಆಕೆ ಹೇಳಿದರು, ಅದರಿಂದ ತನಗೆ ಬಿಡಿಗಾಸೂ ಬರಲಿಲ್ಲ ಎಂದೂ ಹೇಳಿದರು.

ಚಿತ್ರ ಆ ಹೆಸರನ್ನು ಹೇಳಲಾರದಾಗಿತ್ತು. ಎಷ್ಟೇ ಒಳ್ಳೆಯ ಚಿತ್ರವಾದರೂ ಹೆಸರು, ಜಾಗ, ದಿನ, ಅದಕ್ಕೆ ಒಂದು ನಿಮಿಷ ಹಿಂದೆ ಏನಾಗಿತ್ತು, ಇವನ್ನು ಹೇಳಲಾರದು. ಇದು ನಾವೇ ಬರೆಯಬೇಕಾದ ಮಾತು. ನಮ್ಮ ಕಷ್ಟದ ಕತೆಗೆ, ನಮ್ಮ ವ್ಯಾಖ್ಯಾನಕ್ಕೆ ಮೌನ ಇರಲಿ. ಚಿತ್ರದಲ್ಲಿರುವ ಮನುಷ್ಯರ ವಿಷಯದಲ್ಲಿ ಮೌನ ಬೇಡ. ಹೆಸರು ಹೇಳಲು ಅವರು ಒಪ್ಪದಿದ್ದರೆ ಆ ಮಾತು ಬೇರೆ, ಆಗ ಅದನ್ನು ಕಾಪಾಡುವುದೂ ನಮ್ಮ ಕೆಲಸ. ರಾತ್ರಿ ಪಾಳಿಯ ಕಟ್ಟಿನ ಕೊನೆಯ ಹಾಳೆಯಲ್ಲಿ ಹದಿನೇಳು ಜನರ ಹೆಸರಿದೆ, ಇಬ್ಬರದ್ದು ಅವರು ಕೇಳಿಕೊಂಡಂತೆ ಇಲ್ಲ. ಆ ಹಾಳೆ ನನಗೆ ಯಾವುದೇ ಪ್ರಿಂಟಿನಷ್ಟೇ ಮುಖ್ಯ. ಜೊತೆಗೆ ಕೆಲಸದ ಬಗ್ಗೆ ಒಂದು ಪ್ಯಾರಾ ಬರಹ, ನೂರು ಪದದೊಳಗೆ. ಎಲ್ಲಿ, ಯಾವಾಗ, ಯಾರೊಡನೆ. ಅಷ್ಟೇ.

ಹಾಗಾದರೆ ಮೇಜಿನ ಮುಂದೆ ಏನು ಮಾಡಬೇಕು? ಕಟ್ಟನ್ನು ಅವರ ಕೈಗೇ ಕೊಡಿ. ಅವರ ವೇಗದಲ್ಲಿ ಅವರೇ ಮಗುಚಲಿ. ಮೊದಲ ಸಲ ಹೀಗೆ ಮಾಡಿದಾಗ ನನಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ, ಒಂದೊಂದು ನಿಮಿಷ ಒಂದೊಂದು ಗಂಟೆಯಾಗಿತ್ತು. ಆಮೇಲೆ ಅವರ ಕೈಯನ್ನು ನೋಡುವುದು ಕಲಿತೆ. ಎಲ್ಲಿ ತಡೆಯಿತು, ಎಲ್ಲಿ ಹಿಂದೆ ಹೋಯಿತು, ಯಾವುದನ್ನು ಹತ್ತಿರಕ್ಕೆ ತಂದುಕೊಂಡರು, ಯಾವುದನ್ನು ಎರಡೇ ಸೆಕೆಂಡಿನಲ್ಲಿ ಮಗುಚಿದರು. ಅವರು ಬಾಯಿ ಬಿಟ್ಟು ಹೇಳುವ ವಿಮರ್ಶೆಗಿಂತ ಇದು ಹೆಚ್ಚು ನಿಜ. ಪ್ರಶ್ನೆ ಕೇಳಿದರೆ ಕೇಳಿದಷ್ಟಕ್ಕೆ ಉತ್ತರಿಸಿ. ಅವರು ತಪ್ಪಾಗಿ ಓದಿಕೊಂಡರು ಅನ್ನಿಸಿದರೂ ತಿದ್ದಲು ಆತುರ ಬೇಡ. ಆ ಓದಿಗೆ ಚಿತ್ರದಲ್ಲಿ ಎಡೆ ಎಲ್ಲಿ ಸಿಕ್ಕಿತು ಅಂತ ನೋಡಿ.

ಇದರ ಬಗ್ಗೆ ಒಂದು ಘಟನೆ ಹೇಳಿ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ.

ರಾತ್ರಿ ಪಾಳಿಯ ಇಪ್ಪತ್ತನಾಲ್ಕು ಚಿತ್ರಗಳ ಕಟ್ಟು ಸಿದ್ಧವಾದ ಮೇಲೆ, ಅದರಲ್ಲಿದ್ದವರಿಗೇ ಮೊದಲು ತೋರಿಸಬೇಕೆಂದು ಹೊರಟೆ. ಬೀದಿ ಗುಡಿಸುವ ಕೆಲಸದ ಒಬ್ಬ ಅಮ್ಮನವರು ಕೈ ಒರೆಸಿಕೊಂಡು ಕಟ್ಟು ತೆಗೆದುಕೊಂಡರು. ನಾನು ಮಾತಾಡಲಿಲ್ಲ. ಅವರು ನಿಧಾನವಾಗಿ, ಒಂದೊಂದನ್ನೂ ಬೆಳಕಿಗೆ ಓರೆ ಹಿಡಿದು, ಕೊನೆಯವರೆಗೂ ನೋಡಿದರು. ತಮ್ಮ ಚಿತ್ರ ಬಂದಾಗಲೂ ಹೆಚ್ಚು ನಿಲ್ಲಲಿಲ್ಲ. ಮುಗಿಸಿ, ಕಟ್ಟನ್ನು ನೇರ ಮಾಡಿ ಕೊಡುತ್ತ, "ಎಲ್ಲಾ ಚೆನ್ನಾಗೈತೆ ಸರ್, ಆದ್ರೆ ಎಲ್ರೂ ಯಾಕೆ ಒಬ್ಬೊಬ್ರೇ ಅವ್ರೆ? ರಾತ್ರಿ ಕೆಲಸ ಒಬ್ರೇ ಮಾಡಕಾಯ್ತದಾ?" ಅಂದರು.

ನನಗೆ ಉತ್ತರ ತೋಚಲಿಲ್ಲ. ನಿಜ, ಇಪ್ಪತ್ತನಾಲ್ಕರಲ್ಲಿ ಒಂದರಲ್ಲೂ ಇಬ್ಬರು ಒಟ್ಟಿಗೆ ಇರಲಿಲ್ಲ. ಅದನ್ನು ನಾನು ಬೇಕೆಂದು ಮಾಡಿರಲಿಲ್ಲ. ಇಬ್ಬರು ಮೂವರು ಇದ್ದ ಚಿತ್ರಗಳಲ್ಲಿ ಯಾರದೋ ಮೊಣಕೈ ಅಡ್ಡ ಬಂದಿರುತ್ತದೆ, ಒಬ್ಬರು ಅಲುಗಾಡಿರುತ್ತಾರೆ, ಹಿನ್ನೆಲೆ ಗಜಿಬಿಜಿ. ಒಬ್ಬರೇ ಇದ್ದದ್ದು ಅಚ್ಚುಕಟ್ಟಾಗಿ ಕಂಡಿತ್ತು. ಮೂರು ವಾರದ ಗೋಡೆ, ತಲೆಕೆಳಗಾದ ಪ್ರಿಂಟು, ಎಲ್ಲ ಮಾಡಿಯೂ ಆ ಅಚ್ಚುಕಟ್ಟುತನ ಏನು ಹೇಳುತ್ತಿದೆ ಅಂತ ನನಗೆ ಕೇಳಿಸಿರಲಿಲ್ಲ.

ಅವತ್ತು ರಾತ್ರಿ ಬಿಟ್ಟ ಚಿತ್ರಗಳ ಪೆಟ್ಟಿಗೆ ಮತ್ತೆ ತೆರೆದೆ. ನಾಲ್ಕು ಚಿತ್ರಗಳನ್ನು ಎತ್ತಿಕೊಂಡೆ, ಒಳಗಿದ್ದ ನಾಲ್ಕನ್ನು ಹೊರಗಿಟ್ಟೆ. ಅವುಗಳಲ್ಲಿ ಒಂದು, ಒಂದೇ ಹೊದಿಕೆ ಹೊದ್ದು ಕೂತ ಇಬ್ಬರು ಕಾವಲುಗಾರರದು. ಒಬ್ಬರು ಹೊದಿಕೆಯ ಅಂಚನ್ನು ಇನ್ನೊಬ್ಬರ ಹೆಗಲ ಮೇಲೆ ಎಳೆಯುತ್ತಿದ್ದಾರೆ, ಆ ಕೈ ಅಲುಗಿ ಮಸುಕಾಗಿದೆ. ಆ ಮಸುಕಿಗಾಗಿಯೇ ಅದನ್ನು ಬಿಟ್ಟಿದ್ದೆ. ಈಗ ಕಟ್ಟಿನ ಕೊನೆಯ ಚಿತ್ರ ಅದು.

ಕಟ್ಟು ಇಲ್ಲೇ ಇದೆ. ಮುಂದಿನ ಸಾಲಿನಿಂದ ಹಿಂದಕ್ಕೆ ಕೊಡುತ್ತ ಹೋಗಿ, ನಿಧಾನವಾಗಿ ನೋಡಿ. ನಾನು ಕೂತಿರುತ್ತೇನೆ.